ಸ್ಪ್ಯಾನರ್ ಹಿಡಿದ ಕೈ ಸಹಿ ಹಾಕುವ ತನಕ

ಮಡಕಶಿರಾ ಪೇಟೆಯಲ್ಲಿ ಬೋರ್‌ವೆಲ್ ಮೋಟರಿಗೆ ವೈಂಡಿಂಗ್ ಕಟ್ಟುವ ಅಂಗಡಿಯೊಂದರಲ್ಲಿ ಹೋದ ಬೇಸಿಗೆಯಲ್ಲಿ ಅರ್ಧ ದಿನ ಕೂತಿದ್ದೆ. ಮಳೆ ಕೈಕೊಟ್ಟ ವರ್ಷ ಈ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರದ ಕಡೆಯಿಂದ ಟೆಂಪೊದಲ್ಲಿ ಬಂದ ಉದ್ದುದ್ದ ಮೋಟರುಗಳು ಗೋಡೆಗೆ ಒರಗಿ ಸರದಿಗಾಗಿ ಕಾದಿದ್ದವು. ಒಳಗೆ ಇಂಟರ್ ಮುಗಿಸಿದ ಹುಡುಗನೊಬ್ಬ ಚಕ್ಕಂಬಟ್ಟಲು ಹಾಕಿ ಕೂತು, ಸ್ಲಾಟಿನೊಳಗೆ ತಂತಿ ತೂರಿಸಿ ಎಳೆದು ಮತ್ತೆ ತೂರಿಸುತ್ತಿದ್ದ. ತುಟಿ ಅಲ್ಲಾಡುತ್ತಿತ್ತು, ಮಾತಿರಲಿಲ್ಲ. ನಾನು ಏನೋ ಕೇಳಿದೆ. ಅಂಗಡಿಯ ಯಜಮಾನರು, ಆ ಹುಡುಗನ ಸೋದರಮಾವ, ಕೈ ಎತ್ತಿ ತಡೆದರು. "ಸುತ್ತು ಎಣಿಸ್ತಾ ಅವ್ನೆ ಸಾರ್. ಮಾತಾಡ್ಸಿದ್ರೆ ಮೊದಲಿಂದ ಬಿಚ್ಚಬೇಕು."

ಅವರ ಮೇಜಿನ ಮೇಲೆ ಗ್ರೀಸು ಹತ್ತಿದ ನೋಟುಬುಕ್ಕೊಂದಿತ್ತು. ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಯಾವ ಗೇಜಿನ ತಂತಿ, ಕಾಯಿಲಿಗೆ ಎಷ್ಟು ಸುತ್ತು ಎಂಬುದೆಲ್ಲ ಸುಟ್ಟ ಮೋಟರನ್ನು ಬಿಚ್ಚುವಾಗಲೇ ಅದರಲ್ಲಿ ದಾಖಲಾಗುತ್ತದೆ. "ಬಿಚ್ಚೋವಾಗ ಬರೀದಿದ್ರೆ ಕಟ್ಟೋವಾಗ ಅಳಬೇಕು" ಎಂದರು ಯಜಮಾನರು. ಹುಡುಗನ ಎಣಿಕೆ ಮುಗಿದ ಮೇಲೆ, ನಾನು ವಿಮಾನದ ಹ್ಯಾಂಗರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ಎಂದು ಯಾರೋ ಹೇಳಿದರು. ಅವನು ತಲೆ ಎತ್ತಿ ಕೇಳಿದ: "ಏರೋಪ್ಲೇನ್ ರಿಪೇರಿ ಕಲಿಯೋಕೆ ಏನು ಓದ್ಬೇಕು ಸಾರ್? ನಮ್ಮಂಥೋರಿಗೆ ಆಗುತ್ತಾ?"

ಈ ಅಧ್ಯಾಯ ಅವನಿಗೆ ಕೊಟ್ಟ ಉತ್ತರ. ಅಂಗಡಿಯಲ್ಲಿ ಹೇಳುವಾಗ ಬಹಳಷ್ಟು ಬಿಟ್ಟುಹೋಯಿತು. ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲು, ವಿಮಾನ ಎಷ್ಟು ದೂರದಲ್ಲಿದೆ ಎನ್ನುವುದು. ಮಡಕಶಿರಾದಿಂದ ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿದರೆ ದೇವನಹಳ್ಳಿ. ಅಲ್ಲಿ 2008ರ ಮೇ 24ರಂದು ತೆರೆದ ಬೆಂಗಳೂರಿನ ವಿಮಾನ ನಿಲ್ದಾಣ. ಪುಟ್ಟಪರ್ತಿಯಲ್ಲಿ 1990ರಿಂದಲೇ ಒಂದು ರನ್‌ವೇ ಇದೆ. ಸಿರಾ ದಾರಿಯಲ್ಲಿ ಇಳಿದರೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ, 2023ರ ಫೆಬ್ರವರಿಯಲ್ಲಿ ಶುರುವಾದದ್ದು. ಇನ್ನು ಇದೇ ಗಡಿಯ ರಾಯದುರ್ಗದವರಿಗೆ ಆಚೆ ದಾಟಿದರೆ ಚಳ್ಳಕೆರೆ ಸೀಮೆ. ಅಲ್ಲಿ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ಬಯಲು ಇದೆ. ಭೂಪಟದಲ್ಲಿ ಮಡಕಶಿರಾ, ರಾಯದುರ್ಗ ಎರಡೂ ಆಂಧ್ರದ ಅಂಚಿಗೆ ಬಿದ್ದಿವೆ. ರಾಯದುರ್ಗವಂತೂ 1953ರ ತನಕ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕಾಗಿತ್ತು. ಮಡಕಶಿರಾ ಈಗ 2022ರಲ್ಲಿ ಆದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆದರೆ ವಿಮಾನದ ಭೂಪಟ ಬಿಡಿಸಿದರೆ ಇವೆರಡೂ ಅಂಚಿನ ಊರುಗಳೇ ಅಲ್ಲ.

ದೂರ ಇರುವುದು ಬೇರೆ ಕಡೆ. ನಮ್ಮ ಕಡೆ ಒಳ್ಳೆಯ ಮೆಕ್ಯಾನಿಕ್ ಎಂದರೆ ಕಣ್ಣಳತೆ ಬಲ್ಲವನು. ನಟ್ಟು ನೋಡಿದರೆ ಸಾಕು, ಯಾವ ನಂಬರಿನ ಸ್ಪ್ಯಾನರ್ ಬೇಕೆಂದು ಹೇಳುತ್ತಾನೆ. ಕೈಬಿಗಿಯಲ್ಲೇ ಸಾಕೋ ಸಾಲದೋ ತಿಳಿಯುತ್ತಾನೆ. ಈ ಕೈಗುಣ ಸುಮ್ಮನೆ ಬರುವುದಲ್ಲ, ನಾನು ಅದನ್ನು ಗೌರವಿಸುತ್ತೇನೆ. ವಿಮಾನದ ತರಬೇತಿ ಈ ಕೈಯನ್ನು ಬೇಡ ಎನ್ನುವುದಿಲ್ಲ. ಕಣ್ಣಳತೆಯ ಜಾಗಕ್ಕೆ ಅಳತೆಯನ್ನು, ನೆನಪಿನ ಜಾಗಕ್ಕೆ ಪುಸ್ತಕವನ್ನು, ಬಾಯಿಮಾತಿನ ಜಾಗಕ್ಕೆ ಸಹಿಯನ್ನು ತರುತ್ತದೆ. ಇಷ್ಟು ಬದಲಾವಣೆಗೆ ನಾಲ್ಕೈದು ವರ್ಷ ಬೇಕು.

ಸಹಿಯಿಂದಲೇ ಶುರು ಮಾಡೋಣ. ರಿಪೇರಿ ಅಥವಾ ತಪಾಸಣೆ ಮುಗಿದ ವಿಮಾನ ಮತ್ತೆ ಹಾರಬೇಕಾದರೆ, "ಈ ಕೆಲಸ ನಿಯಮದಂತೆ ಆಗಿದೆ, ಇದು ಸೇವೆಗೆ ಸಿದ್ಧ" ಎಂಬ ಪ್ರಮಾಣಪತ್ರಕ್ಕೆ ಒಬ್ಬರು ಸಹಿ ಹಾಕಬೇಕು. ಹ್ಯಾಂಗರಿನಲ್ಲಿ ಇದನ್ನು ಸಿಆರ್‌ಎಸ್ ಎನ್ನುತ್ತಾರೆ. ನಟ್ಟು ಬಿಗಿದವರು ಹತ್ತು ಮಂದಿ ಟೆಕ್ನಿಷಿಯನ್‌ಗಳಿರಬಹುದು. ಸಹಿ ಹಾಕುವವರು ಲೈಸೆನ್ಸ್ ಇರುವ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್, ಅಂದರೆ ಎಎಂಇ. ಆ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರದ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. ನಿಯಮದ ಹೆಸರು ಸಿಎಆರ್-66. ಯುರೋಪಿನ ನಿಯಮದ ಅಚ್ಚಿನಲ್ಲೇ ಇದನ್ನು ಎರಕ ಹೊಯ್ದಿದ್ದಾರೆ. ಹಾಗಾಗಿ ಇಲ್ಲಿ ಓದುವ ಪಾಠ ಅಲ್ಲಿಯ ಪಾಠಕ್ಕೆ ಬಹುಪಾಲು ಹೊಂದುತ್ತದೆ.

ಲೈಸೆನ್ಸಿನಲ್ಲಿ ವರ್ಗಗಳಿವೆ. ಎ ವರ್ಗದವರು ಹಾರಾಟದ ನಡುವಿನ ಸಣ್ಣಪುಟ್ಟ ಕೆಲಸಕ್ಕೆ, ಅದೂ ತಾವೇ ಕೈಯಾರೆ ಮಾಡಿದ ಕೆಲಸಕ್ಕೆ ಮಾತ್ರ ಸಹಿ ಹಾಕಬಹುದು. ಬಿ1 ಎಂಜಿನ್ನು ಮತ್ತು ಒಡಲಿನವರದು, ಬಿ2 ವಿದ್ಯುತ್ತು ಮತ್ತು ಎಲೆಕ್ಟ್ರಾನಿಕ್ಸ್‌ನವರದು. ಬಿ1ರಲ್ಲೇ ಟರ್ಬೈನ್ ವಿಮಾನಕ್ಕೆ ಬಿ1.1, ಟರ್ಬೈನ್ ಹೆಲಿಕಾಪ್ಟರಿಗೆ ಬಿ1.3. ದೊಡ್ಡ ವಿಮಾನವನ್ನು ಪೂರ್ತಿ ಬಿಚ್ಚಿ ಕಟ್ಟುವ ಬೇಸ್ ಮೇಂಟೆನೆನ್ಸ್ ಮುಗಿದಾಗ ಇಡೀ ವಿಮಾನಕ್ಕೆ ಸಹಿ ಹಾಕುವುದು ಸಿ ವರ್ಗ. ಅದಕ್ಕೆ ಬಿ ವರ್ಗದಲ್ಲಿ ವರ್ಷಗಟ್ಟಲೆ ಸಹಿ ಹಾಕಿದ ಅನುಭವ ಬೇಕು.

ಮಡಕಶಿರಾದ ಹುಡುಗನಿಗೆ ಮೊದಲ ಮೆಟ್ಟಿಲು ಸಿಕ್ಕಾಗಿದೆ. ಇಂಟರ್ ಅಥವಾ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಎಂಜಿನಿಯರಿಂಗ್ ಡಿಪ್ಲೊಮಾ ಆದವರಿಗೂ ದಾರಿ ಇದೆ. ಆಮೇಲೆ ಸಿಎಆರ್-147 ಅಡಿಯಲ್ಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ 2400 ಗಂಟೆಗಳ ಪಾಠ ಮತ್ತು ಪ್ರಾಯೋಗಿಕ ಕೆಲಸ. ಜೊತೆಗೇ ಡಿಜಿಸಿಎ ನಡೆಸುವ ಮಾಡ್ಯೂಲ್ ಪರೀಕ್ಷೆಗಳು: ಗಣಿತ, ಭೌತಶಾಸ್ತ್ರ, ವಿದ್ಯುತ್ತು, ಎಲೆಕ್ಟ್ರಾನಿಕ್ಸ್, ಲೋಹಗಳು, ಕೈಕೆಲಸದ ಕ್ರಮಗಳು, ವಾಯುಚಲನೆ, ಮನುಷ್ಯನ ಮಿತಿಗಳು, ವಿಮಾನಯಾನದ ಕಾನೂನು, ಕೊನೆಗೆ ವಿಮಾನದ ಅಂಗಾಂಗ ಮತ್ತು ಗ್ಯಾಸ್ ಟರ್ಬೈನ್. ಪಾಸಾಗಲು ಪ್ರತಿಯೊಂದರಲ್ಲೂ ನೂರಕ್ಕೆ 75 ಬೇಕು. ನಮ್ಮ ಶಾಲೆಗಳಲ್ಲಿ 35 ಬಂದರೆ ಮುಂದಿನ ತರಗತಿಗೆ ಹೋಗಬಹುದು. ಇಲ್ಲಿ 74 ಬಂದವರೂ ಫೇಲು. ಇದನ್ನು ಕ್ರೌರ್ಯವೆಂದು ತಿಳಿಯಬಾರದು: ವಿಮಾನದ ನಾಲ್ಕರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಗೊತ್ತಿಲ್ಲದವರ ಸಹಿ ನಂಬಿ ಯಾರು ಹತ್ತುತ್ತಾರೆ?

ಇಷ್ಟಕ್ಕೇ ಲೈಸೆನ್ಸ್ ಸಿಗುವುದಿಲ್ಲ. ಮಾನ್ಯ ತರಬೇತಿ ಮುಗಿಸಿದವರು ಹಾರಾಟದಲ್ಲಿರುವ ವಿಮಾನಗಳ ಮೇಲೆ ಇನ್ನೂ 2 ವರ್ಷ ದುಡಿದು, ಮಾಡಿದ ಒಂದೊಂದು ಕೆಲಸವನ್ನೂ ಲಾಗ್‌ಬುಕ್ಕಿನಲ್ಲಿ ಬರೆದು ಮೇಲಿನವರ ಸಹಿ ಪಡೆಯಬೇಕು. ಮಾನ್ಯ ತರಬೇತಿ ಇಲ್ಲದೆ ಕೆಲಸದಲ್ಲೇ ಕಲಿತು ಬಂದವರಿಗೆ ಬಿ1.1 ಮತ್ತು ಬಿ2ಕ್ಕೆ ಬೇಕಾದ ಅನುಭವ 5 ವರ್ಷ. ಸೂಕ್ತವಾದ ಕಸುಬಿನ ತರಬೇತಿ ಇದ್ದವರಿಗೆ 3. ಕನಿಷ್ಠ ವಯಸ್ಸು 18. ಲೈಸೆನ್ಸ್ ಕೈಗೆ ಬಂದ ಮೇಲೂ ಎ320ಕ್ಕೋ ಬೋಯಿಂಗ್ 737ಕ್ಕೋ ಎಟಿಆರ್‌ಗೋ ಸಹಿ ಹಾಕಲು ಆಯಾ ಮಾದರಿಯ ತರಬೇತಿ ಬೇರೆ. ಹಿಂದಿನ 2 ವರ್ಷಗಳಲ್ಲಿ 6 ತಿಂಗಳಾದರೂ ಕೆಲಸ ಮಾಡಿರದಿದ್ದರೆ ಲೈಸೆನ್ಸ್ ಇದ್ದೂ ಸಹಿ ಹಾಕುವ ಹಕ್ಕಿಲ್ಲ. ಅಮೆರಿಕದಲ್ಲೂ ಹೆಚ್ಚೂಕಡಿಮೆ ಇದೇ ಲೆಕ್ಕ: ಒಡಲು ಮತ್ತು ಎಂಜಿನ್ ಎರಡರ ಪರವಾನಗಿಗೆ 30 ತಿಂಗಳ ಅನುಭವ ಅಥವಾ ಮಾನ್ಯ ಶಾಲೆ, ಆಮೇಲೆ ಬರಹ, ಮೌಖಿಕ, ಕೈಕೆಲಸ ಎಂಬ ಮೂರು ಬಗೆಯ ಪರೀಕ್ಷೆ.

ಇಲ್ಲಿಯ ತನಕ ಕೇಳಿದ ಹುಡುಗ ಮುಖ ಸಣ್ಣದು ಮಾಡಿಕೊಂಡು ಹೇಳಿದ್ದು ಒಂದೇ ಮಾತು. "ಎಲ್ಲಾ ಇಂಗ್ಲೀಷಲ್ಲಿ ಇರ್ತದಲ್ಲ ಸಾರ್. ನಾನು ಹತ್ತರ ತನಕ ಕನ್ನಡ ಮೀಡಿಯಂ."

ಈ ಭಯ ನನಗೆ ಚೆನ್ನಾಗಿ ಗೊತ್ತು, ನಾನೂ ಅದೇ ಬೆಂಚಿನಿಂದ ಎದ್ದು ಬಂದವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪರೀಕ್ಷೆಯಲ್ಲಿ ಇಂಗ್ಲಿಷು ಎಂದು ಮೂರು ದೋಣಿಯಲ್ಲಿ ಕಾಲಿಟ್ಟು ಬೆಳೆಯುವ ಗಡಿಯ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳುವುದಿಲ್ಲ. ವಿಮಾನದ ಮ್ಯಾನುಯಲ್ಲಿನ ಇಂಗ್ಲಿಷು ಪತ್ರಿಕೆಯ ಇಂಗ್ಲಿಷಲ್ಲ. ಇಂಗ್ಲಿಷು ತಾಯಿನುಡಿಯಲ್ಲದ ಮೆಕ್ಯಾನಿಕ್‌ಗಳು ಪ್ರಪಂಚದ ತುಂಬ ಇದ್ದಾರೆಂದು ಅರಿತು, 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮದವರು ಕತ್ತರಿಸಿ ಒಪ್ಪ ಮಾಡಿದ ಒಂದು ಇಂಗ್ಲಿಷು ಇದೆ. ಈಗ ಅದರ ಹೆಸರು ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್. ಅದರ ನಿಘಂಟಿನಲ್ಲಿ ಒಪ್ಪಿತವಾದ ಸಾಮಾನ್ಯ ಪದಗಳು ಸುಮಾರು 900 ಮಾತ್ರ. ಅದಕ್ಕೆ ವಿಮಾನದ ಭಾಗಗಳ ಹೆಸರುಗಳು ಸೇರುತ್ತವೆ. ಒಂದು ಪದಕ್ಕೆ ಒಂದೇ ಅರ್ಥ. 'ಕ್ಲೋಸ್' ಎಂದರೆ ಮುಚ್ಚು, ಅಷ್ಟೇ; ಹತ್ತಿರ ಎನ್ನುವ ಅರ್ಥದಲ್ಲಿ ಅದನ್ನು ಬಳಸುವಂತಿಲ್ಲ, ಅದಕ್ಕೆ 'ನಿಯರ್' ಇದೆ. ಕೆಲಸ ಹೇಳುವ ವಾಕ್ಯದಲ್ಲಿ 20 ಪದಕ್ಕಿಂತ ಹೆಚ್ಚು ಇರಕೂಡದು, ಒಂದು ವಾಕ್ಯಕ್ಕೆ ಒಂದೇ ಸೂಚನೆ. ಈ 900 ಪದಗಳನ್ನು ದಿನಕ್ಕೆ ಹತ್ತರಂತೆ ಕಲಿತರೆ ಮೂರು ತಿಂಗಳ ಕೆಲಸ. ಮಾಡ್ಯೂಲ್ ಪುಸ್ತಕಗಳ ಭಾಷೆ ಇದಕ್ಕಿಂತ ಸ್ವಲ್ಪ ಬಿಗಿ, ಆದರೂ ದಾಟಲಾಗದ ಗೋಡೆಯಲ್ಲ. ಭಾಷೆ ಬಾರದೆಂದು ಈ ಕಸುಬನ್ನು ಬಿಟ್ಟುಕೊಟ್ಟ ಎಷ್ಟೋ ಒಳ್ಳೆಯ ಕೈಗಳನ್ನು ನೋಡಿದ್ದೇನೆ. ಅದು ಇವತ್ತಿಗೂ ನನ್ನನ್ನು ನೋಯಿಸುತ್ತದೆ.

ಇನ್ನು ಕೈಬಿಗಿಯ ಮಾತು. ಬೋಲ್ಟು ಬಿಗಿಯುವುದೆಂದರೇನು? ಎರಡು ತಗಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು. ಒತ್ತುವ ಬಲ ಎಲ್ಲಿಂದ ಬರುತ್ತದೆ? ನಟ್ಟು ತಿರುಗಿದಷ್ಟೂ ಬೋಲ್ಟು ಉದ್ದಕ್ಕೆ ಹಿಗ್ಗುತ್ತದೆ, ಕಣ್ಣಿಗೆ ಕಾಣದಷ್ಟು. ಹಿಗ್ಗಿದ್ದು ಮರಳಿ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಹಿಡಿತ. ಬೋಲ್ಟು ಬಲು ಗಟ್ಟಿಯಾದ ಒಂದು ಸ್ಪ್ರಿಂಗು ಅಷ್ಟೇ. ಕಡಿಮೆ ಹಿಗ್ಗಿದರೆ ಅದುರಿ ಸಡಿಲವಾಗುತ್ತದೆ. ಹೆಚ್ಚು ಹಿಗ್ಗಿದರೆ ಮರಳಿ ಬಾರದಂತೆ ಎಳೆದುಕೊಂಡುಬಿಡುತ್ತದೆ. ಆಗ ಹೊರಗೆ ನೋಡಲು ನೆಟ್ಟಗಿದ್ದರೂ ಒಳಗೆ ಸತ್ತ ಬೋಲ್ಟು ಅದು.

ನಾವು ಸ್ಪ್ಯಾನರಿಗೆ ಹಾಕುವ ಬಲವೆಲ್ಲ ಈ ಹಿಗ್ಗುವಿಕೆಗೆ ಹೋಗುತ್ತದೆಂದು ಕೈ ನಂಬುತ್ತದೆ. ಅದು ನಿಜವಲ್ಲ. ಸುಮಾರು ಅರ್ಧದಷ್ಟು ಬೋಲ್ಟಿನ ತಲೆ ಅಥವಾ ನಟ್ಟಿನ ಅಡಿಯ ಉಜ್ಜುವಿಕೆಗೆ, ಇನ್ನು ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನೊಳಗಿನ ಉಜ್ಜುವಿಕೆಗೆ ಖರ್ಚಾಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ನೂರಕ್ಕೆ ಹತ್ತರ ಆಸುಪಾಸು. ಈಗ ಯೋಚಿಸಿ. ಒಣಗಿದ ಥ್ರೆಡ್ಡಿಗೆ ಇಂತಿಷ್ಟು ಟಾರ್ಕ್ ಎಂದು ಮ್ಯಾನುಯಲ್ ಹೇಳಿದೆ; ಸಲೀಸಾಗಲಿ ಎಂದು ಒಂದು ತೊಟ್ಟು ಎಣ್ಣೆ ಬಿಡುತ್ತೀರಿ. ಉಜ್ಜುವಿಕೆ ಇಳಿಯಿತು. ಉಳಿದ ಬಲವೆಲ್ಲ ಬೋಲ್ಟನ್ನು ಎಳೆಯಲು ಹೋಯಿತು. ಕೈಗೆ ಮಾತ್ರ ಅದೇ ಬಿಗಿ ಅನಿಸುತ್ತದೆ. ಹಾಗಾಗಿಯೇ ಹ್ಯಾಂಗರಿನಲ್ಲಿ ಟಾರ್ಕ್ ರೆಂಚು, ಅದರ ಮೇಲೆ ಕಳೆದ ಸಲ ಯಾವಾಗ ಅದನ್ನು ಒರೆಗೆ ಹಚ್ಚಿದರು ಎಂಬ ಚೀಟಿ, ಥ್ರೆಡ್ಡು ಒಣಗಿರಬೇಕೋ ಎಣ್ಣೆ ಸವರಿರಬೇಕೋ ಎಂಬ ಮ್ಯಾನುಯಲ್ಲಿನ ಸೂಚನೆ.

ಕಣ್ಣಳತೆ ಏನು ಮಾಡಬಲ್ಲದು ಎನ್ನುವುದಕ್ಕೆ 1990ರ ಜೂನ್ 10ರ ಘಟನೆಯನ್ನು ಪ್ರಪಂಚದ ಅನೇಕ ಎಎಂಇ ತರಗತಿಗಳಲ್ಲಿ ಹೇಳುತ್ತಾರೆ. ಬ್ರಿಟಿಷ್ ಏರ್‌ವೇಸ್‌ನ ಬಿಎಸಿ 1-11 ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾಕ್ಕೆ ಹೊರಟಿತ್ತು. 17,300 ಅಡಿ ಏರಿದಾಗ ಪೈಲಟ್ಟಿನ ಎದುರಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ ಸೊಂಟದ ತನಕ ಹೊರಗೆ ಸೆಳೆಯಲ್ಪಟ್ಟರು. ಕ್ಯಾಬಿನ್ ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದ್ದು ದೊಡ್ಡದು.

ಆ ಗಾಜನ್ನು ಹಿಂದಿನ ದಿನದ ನಸುಕಿನಲ್ಲಿ, ರಾತ್ರಿಪಾಳಿಯವರು ಬದಲಿಸಿದ್ದರು. ಹಿಡಿದಿಡುವ ಬೋಲ್ಟು 90. ಬದಲಿಸಿದವರು ಅನುಭವಿ ಶಿಫ್ಟ್ ಮ್ಯಾನೇಜರ್, ಒಳ್ಳೆಯ ಹೆಸರಿದ್ದವರು. ಬಿಚ್ಚಿದ ಹಳೆಯ ಬೋಲ್ಟೊಂದನ್ನು ಹಿಡಿದುಕೊಂಡು ಹೋಗಿ, ಮಬ್ಬು ಬೆಳಕಿನಲ್ಲಿ ಬಿಡಿಭಾಗಗಳ ಡಬ್ಬಗಳ ಮುಂದೆ ನಿಂತು, ಕಣ್ಣಳತೆಯಲ್ಲಿ ಹೋಲಿಸಿ ಆರಿಸಿದರು. ಹೊಸದಾಗಿ ಹಾಕಿದ 84 ಬೋಲ್ಟುಗಳು 0.026 ಇಂಚು ತೆಳ್ಳಗಿದ್ದವು. ನಮ್ಮ ಲೆಕ್ಕದಲ್ಲಿ 0.66 ಮಿಲಿಮೀಟರು, ಉಗುರಿನ ದಪ್ಪಕ್ಕಿಂತ ಅಷ್ಟೇನೂ ಹೆಚ್ಚಲ್ಲ. ಥ್ರೆಡ್ಡುಗಳ ನಡುವಿನ ಅಂತರ ಎರಡಕ್ಕೂ ಒಂದೇ ಆದ್ದರಿಂದ ಅವು ನಟ್ಟಿನೊಳಗೆ ಕೂತವು. ಟಾರ್ಕಿನ ಮಿತಿ ಮುಟ್ಟಿದಾಗ ಸ್ಕ್ರೂಡ್ರೈವರು ಕೊಡುವ ಜಾರಿಕೆಗೂ ತೆಳ್ಳಗಿನ ಬೋಲ್ಟು ನಟ್ಟಿನಲ್ಲಿ ಜಾರುವುದಕ್ಕೂ ಕೈಗೆ ವ್ಯತ್ಯಾಸ ತಿಳಿಯಲಿಲ್ಲ. ಆ ಕೆಲಸಕ್ಕೆ ಎರಡನೆಯವರ ತಪಾಸಣೆಯೂ ಕಡ್ಡಾಯವಿರಲಿಲ್ಲ. ಮಾಡಿದವರು, ನೋಡಿದವರು, ಸಹಿ ಹಾಕಿದವರು ಎಲ್ಲ ಒಬ್ಬರೇ.

ಭಾಗದ ಪಟ್ಟಿ ತೆರೆದು ನಂಬರು ನೋಡಲು ಎಷ್ಟು ಹೊತ್ತು ಬೇಕಿತ್ತು? ಕೆಲವೇ ನಿಮಿಷ. ಆದರೆ ಆ ಮನುಷ್ಯನನ್ನು ಬೈದು ಮುಗಿಸಿದರೆ ಕಲಿತದ್ದೇನೂ ಇರುವುದಿಲ್ಲ. ನಸುಕಿನ ಮೂರು, ನಾಲ್ಕು ಗಂಟೆಗೆ ಎಂಥವರ ಕಣ್ಣೂ ತಾನು ನೋಡಬಯಸಿದ್ದನ್ನೇ ನೋಡುತ್ತದೆ. ಮನುಷ್ಯನ ಮಿತಿಗಳು ಎಂಬ ಮಾಡ್ಯೂಲ್ 9 ಇರುವುದು ಇದಕ್ಕೇ. ದಣಿವು, ಒತ್ತಡ, ಅವಸರ, 'ಎಲ್ಲರೂ ಹೀಗೇ ಮಾಡುತ್ತಾರೆ' ಎಂಬ ರೂಢಿ ಇವೆಲ್ಲ ಅಲ್ಲಿ ಪಾಠದ ವಿಷಯಗಳು. ಕೆನಡಾದ ಗಾರ್ಡನ್ ಡ್ಯುಪಾಂಟ್ 1993ರಲ್ಲಿ ಇಂಥ 12 ಕಾರಣಗಳನ್ನು ಪಟ್ಟಿ ಮಾಡಿದರು. ಅದು ಇಂದು ಅನೇಕ ಹ್ಯಾಂಗರುಗಳ ಗೋಡೆಯ ಮೇಲಿದೆ.

ರಾಯದುರ್ಗದ ಕಡೆಯವರಿಗೆ ಇದಕ್ಕಿಂತ ಹತ್ತಿರದ ಪಾಠವೊಂದಿದೆ. ಬಳ್ಳಾರಿ, ರಾಯದುರ್ಗದ ಓಣಿಗಳಲ್ಲಿ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು ಹೊಸದಲ್ಲ. ಜೀನ್ಸಿನ ಜೇಬಿನ ಮೂಲೆಯಲ್ಲಿ ಒಂದು ತಾಮ್ರದ ಗುಂಡಿ ಇರುತ್ತದೆ, ರಿವೆಟ್ಟು. ಅದನ್ನು ಅಂದಕ್ಕೆ ಹಾಕಿದ್ದಲ್ಲ. ಕೈ ತುರುಕಿ ತೆಗೆಯುವಾಗಿನ ಎಳೆತವೆಲ್ಲ ಬಂದು ಸೇರುವುದು ಮೂಲೆಗೆ, ಬಟ್ಟೆ ಹರಿಯಲು ಶುರುವಾಗುವುದೂ ಅಲ್ಲೇ. ವಿಮಾನದ ಮೈಯ ಅಲ್ಯುಮಿನಿಯಂ ತಗಡುಗಳನ್ನು ಹೊಲಿದಿರುವುದೂ ರಿವೆಟ್ಟಿನಿಂದಲೇ. ಆದರೆ ರಿವೆಟ್ಟಿಗೆ ತೂತು ಬೇಕು, ತೂತಿನ ಅಂಚಿನಲ್ಲಿ ಎಳೆತ ಒತ್ತಟ್ಟಾಗುತ್ತದೆ, ಬಿರುಕು ಹುಟ್ಟುವುದು ಅಲ್ಲಿ.

ಎಷ್ಟು ಎಳೆತ? ಎತ್ತರದಲ್ಲಿ ಹೊರಗಿನ ಗಾಳಿ ತೀರಾ ತೆಳುವು. ಒಳಗೆ ನಾವು ಉಸಿರಾಡಲು ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಒಳಹೊರಗಿನ ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ ಅರ್ಧ ಕೆಜಿಯಷ್ಟು. 25 ಸೆಂಟಿಮೀಟರು ಅಗಲ, 35 ಎತ್ತರದ ಒಂದು ಕಿಟಕಿಯ ಮೇಲೆ 400 ಕೆಜಿಗೂ ಹೆಚ್ಚು ಭಾರ. ಪ್ರತಿ ಹಾರಾಟದಲ್ಲೂ ವಿಮಾನದ ಮೈ ಒಮ್ಮೆ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಕಟ್ಟುತಂತಿಯನ್ನು ಹತ್ತು ಸಲ ಅತ್ತಿತ್ತ ಬಗ್ಗಿಸಿ ಮುರಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಒಂದೇ ಏಟಿಗೆ ಮುರಿಯದ್ದು ಸಣ್ಣ ಸಣ್ಣ ಬಾಗುಗಳಿಗೆ ಸೋಲುತ್ತದೆ. ಲೋಹದ ಈ ದಣಿವಿಗೆ ಫ್ಯಾಟೀಗ್ ಎಂದು ಹೆಸರು.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಚಾವಣಿ 24,000 ಅಡಿ ಎತ್ತರದಲ್ಲಿ ಸುಮಾರು 5.5 ಮೀಟರು ಉದ್ದಕ್ಕೆ ಸೀಳಿ ಹಾರಿಹೋಯಿತು. ಗಗನಸಖಿಯೊಬ್ಬರು ಗಾಳಿಯ ಪಾಲಾದರು. ವಿಮಾನ ಇಳಿಯಿತು, ಉಳಿದವರು ಬದುಕಿದರು. ದ್ವೀಪದಿಂದ ದ್ವೀಪಕ್ಕೆ ಚುಟುಕು ಹಾರಾಟ ಮಾಡುತ್ತಿದ್ದ ಆ ವಿಮಾನ ಆಗಲೇ 89,680 ಸಲ ಉಬ್ಬಿ ಕುಗ್ಗಿತ್ತು. ಉಪ್ಪುಗಾಳಿಗೆ ತಗಡಿನ ಕೀಲುಗಳ ಅಂಟು ಬಿಟ್ಟಿತ್ತು, ಭಾರವೆಲ್ಲ ರಿವೆಟ್ ಸಾಲಿನ ಮೇಲೆ ಬಿದ್ದಿತ್ತು, ತೂತಿನಿಂದ ತೂತಿಗೆ ಬಿರುಕುಗಳು ಕೈ ಕೂಡಿಸಿದ್ದವು. ಹತ್ತುವಾಗ ಪ್ರಯಾಣಿಕರೊಬ್ಬರು ಬಾಗಿಲ ಬಳಿ ಬಿರುಕನ್ನು ಕಂಡಿದ್ದರು, ಯಾರಿಗೂ ಹೇಳಲಿಲ್ಲ. ಅದಕ್ಕೂ ಮುಂಚೆ ತಪಾಸಣೆಯ ಕಣ್ಣುಗಳು ಅದನ್ನು ದಾಟಿ ಹೋಗಿದ್ದವು. ರಾತ್ರಿಯ ಹೊತ್ತು, ಏಣಿಯ ಮೇಲೆ, ಸಾವಿರಾರು ರಿವೆಟ್ಟುಗಳನ್ನು ಒಂದೊಂದಾಗಿ ನೋಡುವ ಕೆಲಸ ಎಂಥದೆಂದು ಮಾಡಿದವರಿಗೇ ಗೊತ್ತು.

ಹಾಗಾದರೆ ಕಣ್ಣಿಗೆ ಕಾಣದ ಬಿರುಕನ್ನು ಹೇಗೆ ಹಿಡಿಯುವುದು? ಇಲ್ಲಿ ನಾನು ಮಡಕಶಿರಾದ ಹುಡುಗನ ಕೈಯಲ್ಲಿದ್ದ ಕಾಯಿಲಿಗೇ ಮರಳಬೇಕು. ಒಂದು ಪುಟ್ಟ ಕಾಯಿಲಿಗೆ ಎಸಿ ಕರೆಂಟು ಕೊಟ್ಟು ಲೋಹದ ಹತ್ತಿರ ಹಿಡಿದರೆ, ಲೋಹದೊಳಗೆ ಸುಳಿಸುಳಿಯಾಗಿ ವಿದ್ಯುತ್ತು ಹರಿಯುತ್ತದೆ. ಕೆರೆಯ ನೀರಿನ ಸುಳಿಯ ಹಾಗೆ. ನೆಟ್ಟಗಿರುವ ಲೋಹದಲ್ಲಿ ಸುಳಿ ಸಲೀಸಾಗಿ ಸುತ್ತುತ್ತದೆ. ನಡುವೆ ಬಿರುಕಿದ್ದರೆ ಬಳಸಿ ಹೋಗಬೇಕು. ಆ ಬಳಸುದಾರಿಯ ಸುದ್ದಿ ಕಾಯಿಲಿಗೆ ಮರಳಿ ತಲುಪಿ ಪರದೆಯ ಮೇಲಿನ ಚುಕ್ಕಿ ಹಾರುತ್ತದೆ. ಇದೇ ಎಡ್ಡಿ ಕರೆಂಟ್ ತಪಾಸಣೆ. ಮೋಟರ್ ಕಟ್ಟುವವರಿಗೆ ಈ ಸುಳಿ ಹಳೆಯ ಶತ್ರು. ಮೋಟರಿನ ಒಳಗಿನ ಕಬ್ಬಿಣವನ್ನು ಇಡಿಯಾಗಿ ಎರಕ ಹೊಯ್ಯದೆ, ತೆಳು ತೆಳು ತಗಡುಗಳನ್ನು ಪೇರಿಸಿ ಮಾಡಿರುವುದು ಈ ಸುಳಿಯನ್ನು ತುಂಡರಿಸಲಿಕ್ಕೇ. ಇಲ್ಲದಿದ್ದರೆ ಕಬ್ಬಿಣವೇ ಕಾದು ಕರೆಂಟು ತಿನ್ನುತ್ತದೆ. "ಆ ತಗಡು ಯಾಕೆ ಹಾಗಿರ್ತದೆ ಅಂತ ಇವತ್ತು ಗೊತ್ತಾಯ್ತು" ಎಂದರು ಯಜಮಾನರು. ಆ ಮಾತು ಕೇಳಿ ನನಗಾದ ಸಂತೋಷ ಸಣ್ಣದಲ್ಲ.

ಈ ಸೀಮೆಗೆ ವಿಮಾನದ ಕಸುಬು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದ್ದು 1940ರ ಡಿಸೆಂಬರಿನಲ್ಲಿ. ಯುದ್ಧದ ನಡುವೆ ಆ ಕಾರ್ಖಾನೆ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿದು ರಿಪೇರಿಯಾಗಿ ಹೋಗುತ್ತಿದ್ದವು. ಅದಕ್ಕೂ ಮುಂಚೆ ವಿಮಾನವನ್ನೇ ಮುಟ್ಟಿರದ ನೂರಾರು ಕೈಗಳು ಅಲ್ಲಿ ಪಳಗಿದವು. ಡಾ. ವಿ.ಎಂ. ಘಾಟಗೆಯವರು ವಿನ್ಯಾಸ ಮಾಡಿದ ಎಚ್‌ಟಿ-2 ಅದೇ ಅಂಗಳದಿಂದ 1951ರ ಆಗಸ್ಟಿನಲ್ಲಿ ಹಾರಿತು. ಪ್ರಪಂಚದ ಮೊದಲ ವಿಮಾನ ಮೆಕ್ಯಾನಿಕ್ ಚಾರ್ಲ್ಸ್ ಟೇಲರ್ ಕೂಡ ರೈಟ್ ಸೋದರರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. 1903ರಲ್ಲಿ ಹಾರಿದ ವಿಮಾನದ 12 ಅಶ್ವಶಕ್ತಿಯ ಎಂಜಿನ್ನನ್ನು ಅವರು ಸುಮಾರು ಆರು ವಾರದಲ್ಲಿ ಕಡೆದು ಕೂರಿಸಿದರು. ಅವರು ಹುಟ್ಟಿದ್ದು ಮೇ 24. ದೇವನಹಳ್ಳಿಯ ನಿಲ್ದಾಣ ತೆರೆದದ್ದೂ ಅದೇ ತಾರೀಖು ಎಂಬುದು ನನಗೆ ಯಾವಾಗಲೂ ಹಿತವೆನಿಸುತ್ತದೆ.

ಹಣದ ಮಾತು ಮುಚ್ಚಿಡಬಾರದು. ಎಎಂಇ ತರಬೇತಿಗೆ ಲಕ್ಷಗಟ್ಟಲೆ ಶುಲ್ಕವಿದೆ. ನಮ್ಮ ಕಡೆಯ ಕುಟುಂಬವೊಂದು ಅಡಕೆ ತೋಟ ಅಡವಿಟ್ಟು ಮಗನನ್ನು ಒಂದು ಸಂಸ್ಥೆಗೆ ಸೇರಿಸಿತು. ಎರಡನೆಯ ವರ್ಷ ತಿಳಿಯಿತು, ಅವನು ಓದುತ್ತಿದ್ದ ವರ್ಗಕ್ಕೆ ಆ ಸಂಸ್ಥೆಗೆ ಮಾನ್ಯತೆಯೇ ಇರಲಿಲ್ಲ. ಬಣ್ಣದ ಬ್ರೋಶರಿನಲ್ಲಿ ವಿಮಾನದ ಚಿತ್ರ ಮಾತ್ರ ದೊಡ್ಡದಾಗಿತ್ತು. ದುಡ್ಡು ಕಟ್ಟುವ ಮುಂಚೆ ಡಿಜಿಸಿಎಯ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು, ಯಾವ ವರ್ಗಕ್ಕೆ ಮಾನ್ಯತೆ, ಎಷ್ಟು ಸೀಟು, ಯಾವ ತಾರೀಖಿನ ತನಕ ಎಂದು ನೋಡಿ. ಪ್ರಾಯೋಗಿಕ ತರಬೇತಿ ಯಾವ ಹ್ಯಾಂಗರಿನಲ್ಲಿ ಎಂದು ಬರಹದಲ್ಲಿ ಕೇಳಿ. ದುಡ್ಡಿಲ್ಲದವರಿಗೆ ನಿಧಾನದ ದಾರಿಯೂ ಇದೆ. ಐಟಿಐ ಮಾಡಿ ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗಬಹುದು, ವಾಯುಪಡೆಯ ತಾಂತ್ರಿಕ ವಿಭಾಗ ಸೇರಬಹುದು, ಹ್ಯಾಂಗರಿನಲ್ಲಿ ಟೆಕ್ನಿಷಿಯನ್ ಆಗಿ ದುಡಿಯುತ್ತಾ ಮಾಡ್ಯೂಲುಗಳನ್ನು ಒಂದೊಂದಾಗಿ ಕಟ್ಟಬಹುದು. ವರ್ಷ ಹೆಚ್ಚು ಹಿಡಿಯುತ್ತದೆ, ತೋಟ ಉಳಿಯುತ್ತದೆ.

ಅಂಗಡಿಯಿಂದ ಹೊರಡುವ ಮುಂಚೆ ಹುಡುಗನಿಗೆ ಒಂದು ಕೆಲಸ ಕೊಟ್ಟೆ. ನನ್ನ ಚೀಲದಲ್ಲಿ ತಲೆಗೆ ತೂತಿರುವ ಕೆಲವು ಹಳೆಯ ಬೋಲ್ಟುಗಳು, ಒಂದು ಸುರುಳಿ ಲಾಕ್‌ವೈರು ಇದ್ದವು. ಎಂಜಿನ್ ಅದುರಿದಾಗ ಬೋಲ್ಟು ಬಿಚ್ಚಿಕೊಳ್ಳದಂತೆ ಎರಡೆರಡು ಬೋಲ್ಟುಗಳ ತಲೆಗಳನ್ನು ಸ್ಟೇನ್‌ಲೆಸ್ ತಂತಿಯಿಂದ ಹೆಣೆದು ಕಟ್ಟುವುದು ಹ್ಯಾಂಗರಿನ ಮೊದಲ ಪಾಠ. ತಂತಿ ಒಂದು ಬೋಲ್ಟನ್ನು ಯಾವಾಗಲೂ ಬಿಗಿಯುವ ದಿಕ್ಕಿಗೇ ಎಳೆಯುವಂತಿರಬೇಕು, ಒಂದು ಸಡಿಲವಾಗಲು ಹೋದರೆ ಇನ್ನೊಂದನ್ನು ಬಿಗಿಯಬೇಕು. 0.8 ಮಿಲಿಮೀಟರಿನ ತಂತಿಗೆ ಇಂಚಿಗೆ 6ರಿಂದ 8 ಹೆಣಿಗೆ. ಕಡಿಮೆಯಾದರೆ ಸಡಿಲ, ಹೆಚ್ಚಾದರೆ ತಂತಿಯೇ ದಣಿದು ಮುರಿಯುತ್ತದೆ. ಕೊನೆಯ ಬಾಲವನ್ನು ಕತ್ತರಿಸಿ, ಚುಚ್ಚದಂತೆ ಒಳಕ್ಕೆ ಮಡಿಸಬೇಕು.

ಆ ಕತ್ತರಿಸಿದ ಬಾಲದ ಬಗ್ಗೆ ನನ್ನದೇ ಒಂದು ರಾತ್ರಿಯ ಕಥೆ ಹೇಳಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಂಜಿನ್ನಿನ ಮೇಲೆ ಲಾಕ್‌ವೈರು ಕಟ್ಟುವಾಗ ತುಂಡೊಂದು ಚಿಮ್ಮಿ ಕಾಣೆಯಾಯಿತು. ಅರ್ಧ ಬೆರಳಿನಷ್ಟು ತಂತಿ. ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಲಿನವರಿಗೆ ಹೇಳಿದೆ. ವಿಮಾನ ನಿಂತಿತು. ಅಯಸ್ಕಾಂತ ಕೆಲಸಕ್ಕೆ ಬರಲಿಲ್ಲ, ಈ ಜಾತಿಯ ಸ್ಟೇನ್‌ಲೆಸ್ ಅದಕ್ಕೆ ಅಂಟುವುದಿಲ್ಲ. ಕನ್ನಡಿ, ಟಾರ್ಚು ಹಿಡಿದು ನಾಲ್ಕು ಜನ ಎರಡೂವರೆ ಗಂಟೆ ಹುಡುಕಿದ ಮೇಲೆ ನನ್ನದೇ ಮಡಿಸಿದ ತೋಳಿನೊಳಗೆ ಸಿಕ್ಕಿತು. ನಮ್ಮ ಹಿರಿಯರು ಬೈಯಲಿಲ್ಲ. "ಎಣಿಸಿಟ್ಟುಕೋ" ಎಂದರು, ಅಷ್ಟೇ.

ಮೂರು ವಾರ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ಅಂಗಡಿಗೆ ಇಣುಕಿದೆ. ಮಾವ ಊಟಕ್ಕೆ ಹೋಗಿದ್ದರು. ಹಲಗೆಯ ಮೇಲೆ ಬೋಲ್ಟುಗಳ ಸಾಲು, ನಡುವೆ ತಂತಿಯ ಹೆಣಿಗೆ. ಮೊದಲ ನಾಲ್ಕು ಉಲ್ಟಾ ದಿಕ್ಕಿಗೆ ಎಳೆದಿದ್ದವು, ಆಮೇಲಿನವು ಸರಿ. ಕೊನೆಯದರಲ್ಲಿ ಸ್ಕೇಲಿಟ್ಟು ಎಣಿಸಿದೆ, ಇಂಚಿಗೆ ಏಳು. ಪಕ್ಕದಲ್ಲಿ ಸುಣ್ಣದ ಡಬ್ಬಿಯೊಂದರಲ್ಲಿ ಕತ್ತರಿಸಿದ ಬಾಲಗಳಿದ್ದವು. ಹುಡುಗ ಕಾಣಲಿಲ್ಲ. ಕೂಗಿದೆ. ಮೇಜಿನ ಅಡಿಯಿಂದ ಉತ್ತರ ಬಂತು: "ಹನ್ನೆರಡು ಕಟ್ಟಿದ್ದೀನಿ ಸಾರ್, ಡಬ್ಬೀಲಿ ಹನ್ನೊಂದೇ ಐತೆ. ಒಂಚೂರು ಆ ಟಾರ್ಚು ಕೊಡ್ತೀರಾ?"